ಎ6ರಿಂದ ಎ1ಕ್ಕೆ ಹೋದ ಆನೆ

ಈಗ ಪರದೆಯ ಮೇಲೆ ಕಾಣುತ್ತಿರುವುದು ಕಾಸರಗೋಡಿನಲ್ಲಿ ನಡೆದ ಮುಕ್ತ ಚದುರಂಗ ಪಂದ್ಯಾಟದ ಮೊದಲ ಸುತ್ತಿನ ಒಂದು ಆಟ. ಬಿಳಿ ಕಾಯಿಗಳನ್ನು ನಡೆಸುತ್ತಿರುವವರು ಪಯ್ಯನ್ನೂರಿನ ಕಡೆಯ ಅನುಭವಿ ಆಟಗಾರರು. ಎದುರಿಗಿರುವವಳು ಬದಿಯಡ್ಕದ ಬಳಿಯ ಕನ್ನಡ ಮಾಧ್ಯಮ ಶಾಲೆಯ ಹುಡುಗಿ. ಸೋತವರೂ ಹೊರಬೀಳದೆ ಎಲ್ಲ ಸುತ್ತುಗಳನ್ನು ಆಡುವ ಸ್ವಿಸ್ ಪದ್ಧತಿಯಲ್ಲಿ ಆಟಗಾರರ ಪಟ್ಟಿಯನ್ನು ರೇಟಿಂಗ್ (ಆಟಗಾರರ ಬಲವನ್ನು ಅಳೆಯುವ ಅಂಕ) ಕ್ರಮದಲ್ಲಿ ಎರಡು ಪಾಲು ಮಾಡಿ, ಮೇಲಿನ ಪಾಲಿನವರನ್ನು ಕೆಳಗಿನ ಪಾಲಿನವರಿಗೆ ಎದುರಾಗಿಸುವುದರಿಂದ ಮೊದಲ ಸುತ್ತಿನಲ್ಲಿ ಅಸಮಬಲದ ಜೋಡಿಗಳೇ ಹೆಚ್ಚು. ಇವರ ನಡುವಿನ ರೇಟಿಂಗ್ ಅಂತರ ಸುಮಾರು 400 ಅಂಕ. ಗೆಲುವಿಗೆ ಒಂದು, ಡ್ರಾಕ್ಕೆ ಅರ್ಧ ಅಂಕದಂತೆ ಅಂಥ ಹತ್ತು ಆಟಗಳಾದರೆ ಬಲಶಾಲಿಗೆ ಸುಮಾರು ಒಂಬತ್ತು ಅಂಕಗಳು ಬರಬೇಕೆನ್ನುತ್ತದೆ ರೇಟಿಂಗಿಗೆ ಆಧಾರವಾದ ಎಲೋ ಲೆಕ್ಕ.

ಬಲಶಾಲಿಯ ಎದುರು ಕಾಯಿಗಳನ್ನು ಬೇಗ ಬೇಗ ಹೊಡೆದಾಡಿಸಿ ಮುಗಿಸಿದರೆ ಡ್ರಾ ಸುಲಭವೆಂದು ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಫಲಕ ಬರಿದಾದಷ್ಟೂ ಅಂತ್ಯದಾಟ (ಕೆಲವೇ ಕಾಯಿಗಳು ಉಳಿದ ಕೊನೆಯ ಹಂತ) ಬಲ್ಲವರ ಕೈ ಮೇಲಾಗುತ್ತದೆ, ಮತ್ತು ಸಾಮಾನ್ಯವಾಗಿ ಅದನ್ನು ಬಲ್ಲವರು ಬಲಶಾಲಿಗಳೇ. ಇಲ್ಲಿ ಮಾತ್ರ ಹುಡುಗಿಯೂ ಬಲ್ಲವಳಾಗಿದ್ದಳು.

ಈ ಸ್ಥಿತಿಯನ್ನು ನಿಧಾನವಾಗಿ ನೋಡೋಣ. ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಉದ್ದಸಾಲುಗಳು ಎ ಇಂದ ಎಚ್, ಕೆಳಗಿನಿಂದ ಮೇಲಕ್ಕೆ ಅಡ್ಡಸಾಲುಗಳು 1ರಿಂದ 8. ಬಿಳಿಯ ರಾಜ ಡಿ5ರಲ್ಲಿ, ಕಾಲಾಳು ಇ5ರಲ್ಲಿ, ಆನೆ ಎಚ್7ರಲ್ಲಿ. ಕಪ್ಪಿನ ರಾಜ ಇ8ರಲ್ಲಿ, ಆನೆ ಎ6ರಲ್ಲಿ. ಆರನೇ ಅಡ್ಡಸಾಲಿನಲ್ಲಿ ನಿಂತ ಆ ಆನೆ ಬಿಳಿ ರಾಜ ಮುಂದೆ ಬಾರದಂತೆ ತಡೆಯುತ್ತದೆ. ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ವಿವರಿಸಿದ ರಕ್ಷಣೆಯಿದು. ಅವಳು ಆನೆಯನ್ನು ಎ6ಕ್ಕೂ ಬಿ6ಕ್ಕೂ ಸರಿಸುತ್ತಾ ಕಾಯುತ್ತಿದ್ದಳು. ಕೊನೆಗೆ ಬಿಳಿಯವರು ಕಾಲಾಳನ್ನು ಇ6ಕ್ಕೆ ತಳ್ಳಿದೊಡನೆ, ಅಷ್ಟು ಹೊತ್ತು ಕಾದ ಸಾಲನ್ನೇ ಬಿಟ್ಟು, ಆನೆಯನ್ನು ನೇರ ಎ1ಕ್ಕೆ ಇಳಿಸಿದಳು. ಇನ್ನು ಬಿಳಿ ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಶಹ (ರಾಜನ ಮೇಲೆ ನೇರ ದಾಳಿ, ಚೆಕ್), ಇ5ಕ್ಕೆ ಸರಿದರೆ ಇ1ರಿಂದ ಶಹ; ಮರೆಯಾಗಿ ನಿಲ್ಲಬೇಕಿದ್ದ ಕಾಲಾಳು ಮುಂದೆ ಹೋಗಿಬಿಟ್ಟಿದ್ದರಿಂದ ಹಿಂದಿನಿಂದ ಬರುವ ಶಹಗಳಿಗೆ ಅಡ್ಡವೇ ಇಲ್ಲ. ಇನ್ನು ಕೆಲವು ನಡೆಗಳಲ್ಲಿ ಡ್ರಾ ಆಯಿತು.

ರೇಟಿಂಗ್ 2300ಕ್ಕಿಂತ ಕಡಿಮೆಯಿರುವ, ಹದಿನೆಂಟು ತುಂಬದವರಿಗೆ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ರೇಟಿಂಗ್ ಲೆಕ್ಕದಲ್ಲಿ ಬಳಸುವ ಗುಣಕ 40 ಆಗಿರುವುದರಿಂದ ಡ್ರಾದ ಈ ಅರ್ಧ ಅಂಕ ಅವಳ ರೇಟಿಂಗಿಗೆ ಹದಿನಾರಕ್ಕೂ ಹೆಚ್ಚು ಅಂಕಗಳನ್ನು ಸೇರಿಸುತ್ತದೆ. ಆದರೆ ನನಗೆ ಅದಕ್ಕಿಂತ ಹಿಡಿಸಿದ್ದು ಆಟ ಮುಗಿದ ಮೇಲಿನ ವಿಮರ್ಶೆ. ಅವರು ಮಲಯಾಳದಲ್ಲಿ ಕೇಳುತ್ತಿದ್ದರು, ಅವಳು ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ರಾಣಿಯ ಬದಿಯ (ಎ ಇಂದ ಡಿ ವರೆಗಿನ ಸಾಲುಗಳ) ಕಾಲಾಳುಗಳನ್ನು ಹೊಡೆದಾಡಿಸಿ ಮುಗಿಸದೆ ಎರಡೂ ಬದಿಯಲ್ಲಿ ಒತ್ತಡ ಉಳಿಸಿಕೊಂಡಿದ್ದರೆ ಗೆಲ್ಲಬಹುದಿತ್ತೆಂದು ಅವರು ತೋರಿಸಿದಾಗ, ಅವಳು ಫಲಕವನ್ನು ತಿರುಗಿಸಿ, ಆ ಗೆಲುವನ್ನು ತಾನೇ ಆಡಿ ನೋಡುತ್ತೇನೆಂದು ಬಿಳಿ ಕಾಯಿಗಳನ್ನು ತೆಗೆದುಕೊಂಡಳು.