ಮೊದಲು ಥರ್ಮೋಸ್ಟಾಟ್, ಆಮೇಲೆ ಹೀಟರ್

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಹಲ್ಲಿಯ ಜಾತಿಯ ಪ್ರಾಣಿಯನ್ನೋ ಹಾವನ್ನೋ ಆಮೆಯನ್ನೋ ಸಾಕುತ್ತಿರುವವರಿಗೆ, ಮತ್ತು ಮಕ್ಕಳ ಹಟಕ್ಕೆ ಮಣಿದು ಇಂದೋ ನಾಳೆಯೋ ಅಂಥದ್ದೊಂದನ್ನು ತರಲಿರುವ ತಂದೆತಾಯಂದಿರಿಗೆ ಈ ಮಾತುಗಳನ್ನು ಹೇಳುತ್ತಿದ್ದೇನೆ. ಈ ಪ್ರಾಣಿಗಳ ಪೆಟ್ಟಿಗೆಯನ್ನು ಅಪಾಯವಿಲ್ಲದಂತೆ, ಕಡಿಮೆ ಖರ್ಚಿನಲ್ಲಿ ಬೆಚ್ಚಗಿಡುವುದು ಹೇಗೆ ಎಂಬುದು ಇಂದಿನ ವಿಷಯ. ಹೇಳಬೇಕಾದ ಮುಖ್ಯ ಮಾತು ಒಂದೇ ಆಗಿರುವುದರಿಂದ ಅದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ: ಮೊದಲು ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೊಳ್ಳಿ, ಆಮೇಲೆ ಹೀಟರ್ ಕೊಳ್ಳಿ. ಕೈಯಲ್ಲಿರುವ ಹಣ ಎರಡಕ್ಕೂ ಸಾಲದೆ ಹೋದರೆ ಪ್ರಾಣಿಯನ್ನು ತರುವುದನ್ನೇ ಮುಂದೂಡಿ.

ಸರೀಸೃಪಗಳು ನಮ್ಮಂತೆ ಒಳಗಿನಿಂದ ಶಾಖ ಹುಟ್ಟಿಸಿಕೊಂಡು ಮೈಯನ್ನು ಒಂದೇ ಹದದಲ್ಲಿಟ್ಟುಕೊಳ್ಳಲಾರವು. ತಿಂದದ್ದು ಅರಗಬೇಕಾದರೂ, ರೋಗವನ್ನು ಎದುರಿಸಬೇಕಾದರೂ ಅವುಗಳಿಗೆ ಹೊರಗಿನ ಬಿಸಿ ಬೇಕು. ಹಾಗೆಂದು ಅವು ಅಸಹಾಯಕ ಜೀವಿಗಳೇನೂ ಅಲ್ಲ. ಅಮೆರಿಕದ ಮರುಭೂಮಿಯ ಸರೀಸೃಪಗಳನ್ನು ಅಧ್ಯಯನ ಮಾಡಿದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ 1944ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೋರಿಸಿಕೊಟ್ಟಂತೆ, ಹಲ್ಲಿಗಳು ಬಿಸಿಲಿಗೂ ನೆರಳಿಗೂ ನಡುವೆ ಓಡಾಡುತ್ತಲೇ ತಮ್ಮ ಮೈಯ ಉಷ್ಣತೆಯನ್ನು ಬಹಳ ಕಿರಿದಾದ ಮಿತಿಯೊಳಗೆ ಕಾಯ್ದುಕೊಳ್ಳುತ್ತವೆ. ಆದ್ದರಿಂದ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಎಲ್ಲಿರಬೇಕೆಂಬುದನ್ನು ಪ್ರಾಣಿಯೇ ತೀರ್ಮಾನಿಸುತ್ತದೆ. ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಗೆ ಬೆಚ್ಚನೆಯ ತುದಿಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿ 25. ಕಾರ್ನ್ ಸ್ನೇಕ್ ಎಂಬ ಹಾವಿಗೆ 30 ಮತ್ತು 24. ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗೆ ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲೆ 40 ಡಿಗ್ರಿ, ಆಚೆಯ ತುದಿಯಲ್ಲಿ 26. ಕ್ರೆಸ್ಟೆಡ್ ಗೆಕ್ಕೊದಂಥ ಹಲ್ಲಿಗಾದರೋ 28 ಡಿಗ್ರಿ ದಾಟಿದರೆ ಸಂಕಟ. ಅನೇಕ ಮನೆಗಳಲ್ಲಿ ಅದಕ್ಕೆ ಹೀಟರೇ ಬೇಡ. ನಿಮ್ಮ ಪ್ರಾಣಿಗೆ ಸಲ್ಲುವ ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹೊರಗಿನಿಂದ ಅಂಟಿಸಿ.

ಹೀಟರಿಗೆ ಬುದ್ಧಿಯಿಲ್ಲ. ವಿದ್ಯುತ್ ಬರುತ್ತಿರುವಷ್ಟು ಹೊತ್ತೂ ಅದು ಕಾಯುತ್ತಲೇ ಇರುತ್ತದೆ. ಪೆಟ್ಟಿಗೆಯೊಳಗಿನ ಬಿಸಿಯನ್ನು ಅಳೆದು, ಸಾಕು ಎನಿಸಿದಾಗ ವಿದ್ಯುತ್ ತಡೆದು, ಬೇಕು ಎನಿಸಿದಾಗ ಬಿಡುವ ಸಾಧನವೇ ಥರ್ಮೋಸ್ಟಾಟ್. ನಿಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿ, ಗೀಸರಿನಲ್ಲಿ, ಫ್ರಿಜ್ಜಿನಲ್ಲಿ ಅದು ಈಗಾಗಲೇ ಇದೆ. 17ನೆಯ ಶತಮಾನದ ಮೊದಲ ಭಾಗದಲ್ಲೇ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಸಂಶೋಧಕ, ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಪಾದರಸದ ನೆರವಿನಿಂದ ಕೆಲಸ ಮಾಡುವ ಶಾಖ ನಿಯಂತ್ರಕವೊಂದನ್ನು ರೂಪಿಸಿದ್ದ. ಮೊಟ್ಟೆಗೆ ಅಂದೇ ಸಿಕ್ಕ ಸೌಕರ್ಯ ಇಂದಿನ ಸಾಕುಹಾವಿಗೆ ಸಿಗುತ್ತಿಲ್ಲವೆಂದರೆ ನನಗೆ ಬೇಸರವಷ್ಟೇ ಅಲ್ಲ, ಸ್ವಲ್ಪ ಸಿಟ್ಟೂ ಬರುತ್ತದೆ. ಪೆಟ್ಟಿಗೆಯ ಗಾಜಿನ ತಳಕ್ಕೆ ಕೆಳಗಿನಿಂದ ಬಿಸಿ ಕೊಡುವ ತೆಳುವಾದ ವಿದ್ಯುತ್ ಹಾಳೆಗೆ ಹೀಟ್ ಮ್ಯಾಟ್ ಎನ್ನುತ್ತಾರೆ. ‘ಇದು ಪುಟ್ಟ ಮ್ಯಾಟು, ಏನು ಸುಟ್ಟೀತು?’ ಎಂದು ಕೇಳುವವರಿದ್ದಾರೆ. ಆ ಪುಟ್ಟ ಹೀಟ್ ಮ್ಯಾಟಿನ ಮೇಲೆ ದಪ್ಪನಾಗಿ ಹೊಟ್ಟನ್ನೋ ತೊಗಟೆಯ ಪುಡಿಯನ್ನೋ ಹರಡಿ, ನಿಯಂತ್ರಣವಿಲ್ಲದೆ ಬಿಟ್ಟುನೋಡಿ. ಮೇಲೆ ಹೋಗಲಾರದ ಶಾಖ ಕೆಳಗೇ ಸೇರಿಕೊಂಡು ಗಾಜು 45 ಡಿಗ್ರಿಯನ್ನು ಮೀರಬಲ್ಲದು.

ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಬೇಕು. ನನಗೆ ಪರಿಚಯದ ಹಿರಿಯರೊಬ್ಬರು ಕಾರ್ನ್ ಸ್ನೇಕ್ ಸಾಕಿದ್ದರು. ಪ್ರತಿಯೊಂದನ್ನೂ ಲೆಕ್ಕ ಬರೆದಿಡುವ ಸ್ವಭಾವ ಅವರದು. ಹಾವು ಯಾವ ದಿನ ಎಷ್ಟು ತೂಗಿತು, ಯಾವಾಗ ಪೊರೆ ಬಿಟ್ಟಿತು ಎಂಬುದೆಲ್ಲ ಅವರ ಪುಸ್ತಕದಲ್ಲಿ ಇರುತ್ತಿತ್ತು. ಥರ್ಮೋಸ್ಟಾಟನ್ನೂ ಒಳ್ಳೆಯದನ್ನೇ ತಂದಿದ್ದರು. ಒಂದು ಬೆಳಿಗ್ಗೆ ಅವರು ಹಾವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹೊಟ್ಟೆಯ ಅಡಿಭಾಗ ಒಂದು ಗೇಣಿನಷ್ಟು ಉದ್ದಕ್ಕೆ ಕೆಂಪಾಗಿ, ಕೆಲವು ಕಡೆ ಬೊಕ್ಕೆ ಎದ್ದಿತ್ತು. ಬೆಳಿಗ್ಗೆ ಎದ್ದು ನೋಡಿದಾಗ ಹಾವು ನೀರಿನ ಬೋಗುಣಿಯಲ್ಲಿ ಸುತ್ತಿಕೊಂಡು ಮಲಗಿತ್ತಂತೆ. ಅವರ ಸಿಟ್ಟೆಲ್ಲ ಥರ್ಮೋಸ್ಟಾಟಿನ ಮೇಲೆ. ‘ಡಾಕ್ಟ್ರೇ, ಇಷ್ಟು ದುಡ್ಡು ಸುರಿದು ತಂದದ್ದು ಹೀಗೆ ಕೈಕೊಟ್ಟಿತಲ್ಲ, ತಯಾರಿಸಿದವರ ಮೇಲೆ ದೂರು ಹಾಕುತ್ತೇನೆ’ ಎಂದರು. ಹಾವಿನ ಉಪಚಾರ ಮುಗಿಸಿ, ‘ದೂರು ಆಮೇಲೆ ಹಾಕುವಿರಂತೆ, ಮೊದಲು ಆ ಯಂತ್ರವನ್ನು ಇಲ್ಲಿಗೆ ತನ್ನಿ’ ಎಂದೆ. ತಂದರು. ಮೇಜಿನ ಮೇಲಿಟ್ಟು, 30 ಡಿಗ್ರಿಗೆ ಹೊಂದಿಸಿ, ಅದರ ಸೆನ್ಸರನ್ನು, ಅಂದರೆ ಬಿಸಿಯನ್ನು ಅಳೆಯುವ ತಂತಿಯ ತುದಿಯನ್ನು, ಬೆಚ್ಚನೆಯ ನೀರಿನಲ್ಲಿ ಅದ್ದಿದೆವು, ಹೀಟರಿಗೆ ವಿದ್ಯುತ್ ಹೋಗುತ್ತಿದೆಯೆಂದು ತೋರಿಸುವ ದೀಪ ಆರಿತು. ತಣ್ಣೀರಿನಲ್ಲಿ ಅದ್ದಿದೆವು; ದೀಪ ಹತ್ತಿತು. ಮತ್ತೆ ಮತ್ತೆ ಮಾಡಿ ನೋಡಿದರೂ ಅದು ತಪ್ಪಲಿಲ್ಲ. ಆಗ ಹಿಂದಿನ ದಿನ ಏನೇನು ಮಾಡಿದಿರೆಂದು ಒಂದೊಂದಾಗಿ ಕೇಳುತ್ತ ಬಂದೆ. ಸಂಜೆ ಪೆಟ್ಟಿಗೆಯನ್ನು ತೊಳೆದಿದ್ದರು. ತೊಳೆಯುವಾಗ ಸೆನ್ಸರಿನ ತಂತಿಯನ್ನು ಹೊರಗೆಳೆದು ಹಿಂಬದಿಗೆ ಇಳಿಬಿಟ್ಟಿದ್ದರು. ಹೊಸ ಹಾಸು ಹಾಕಿದರು, ನೀರು ಇಟ್ಟರು, ಹಾವನ್ನು ಬಿಟ್ಟರು, ಪುಸ್ತಕದಲ್ಲಿ ಬರೆದೂ ಇಟ್ಟರು. ಸೆನ್ಸರು ಮಾತ್ರ ಹೊರಗೇ ಉಳಿಯಿತು. ರಾತ್ರಿಯಿಡೀ ಅದು ಅಳೆದದ್ದು ತೆರೆದ ಕಿಟಕಿಯ ಪಕ್ಕದ ತಣ್ಣನೆಯ ಗಾಳಿಯನ್ನು. ಇನ್ನೂ 30 ಆಗಲಿಲ್ಲ, ಇನ್ನೂ 30 ಆಗಲಿಲ್ಲ ಎಂದು ಆ ಯಂತ್ರ ಬೆಳಗಿನವರೆಗೂ ಮ್ಯಾಟಿಗೆ ಬಿಡುವಿಲ್ಲದೆ ವಿದ್ಯುತ್ ಹರಿಸಿತು.

ಬಿಸಿ ತಗುಲಿದ ಹಾವು ಸರಿದು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಕಾಡಿನಲ್ಲಿ ಬಿಸಿ ಬರುವುದು ಮೇಲಿನಿಂದ; ಮಣ್ಣೊಳಗೆ ಇಳಿದಷ್ಟೂ ತಂಪು. ಆ ಹುಟ್ಟುಗುಣದ ಪ್ರಕಾರ ಹಾವು ಹಾಸಿನೊಳಗೆ ಇಳಿಯಿತು, ಇಳಿದು ಮ್ಯಾಟಿನ ಮೇಲಿನ ಗಾಜಿಗೇ ಹೊಟ್ಟೆಯನ್ನೊತ್ತಿತು. ಬೋಗುಣಿ ಅದಕ್ಕೆ ನೆನಪಾಗುವ ಹೊತ್ತಿಗೆ ತಡವಾಗಿತ್ತು. ಹಲವು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಯಿತು. ಪುಣ್ಯಕ್ಕೆ ಹಾವು ಉಳಿಯಿತು.

ಆದುದರಿಂದ ಸೆನ್ಸರನ್ನು ಅಲುಗದಂತೆ ಕಟ್ಟಿಹಾಕಿ. ಮ್ಯಾಟ್ ಇದ್ದರೆ ಅದರ ನೇರ ಮೇಲೆ, ಗಾಜಿಗೆ ತಾಗಿದಂತೆ ಇರಬೇಕು. ನೀರಿನ ಪಾತ್ರೆಯಿಂದ ದೂರವಿರಬೇಕು. ಪ್ರಾಣಿ ಎಳೆದರೂ ಬರಬಾರದು. ಅಂಟುವ ಟೇಪನ್ನು ಮಾತ್ರ ಒಳಗೆ ಬಳಸಬೇಡಿ, ಅದು ಹಾವಿನ ಚರ್ಮಕ್ಕೆ ಅಂಟಿ ಕಿತ್ತು ತೆಗೆಯುವುದೇ ಒಂದು ಚಿಕಿತ್ಸೆಯಾಗುತ್ತದೆ. ತೊಳೆಯುವಾಗ ಹೀಟರಿನ ಪ್ಲಗ್ ತೆಗೆಯಿರಿ, ಸೆನ್ಸರು ತನ್ನ ಜಾಗಕ್ಕೆ ಮರಳಿದ ಮೇಲೆಯೇ ಹಾಕಿರಿ.

ಆ ಹಿರಿಯರ ಮನೆಯಲ್ಲಿ ಇನ್ನೊಂದು ಕೊರತೆಯಿತ್ತು: ಪೆಟ್ಟಿಗೆ ಚಿಕ್ಕದು, ಮ್ಯಾಟ್ ದೊಡ್ಡದು. ದೊಡ್ಡದಾದರೆ ಒಳ್ಳೆಯದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಥರ್ಮೋಸ್ಟಾಟಿನೊಳಗಿನ ರಿಲೇ ಎಂಬ ಸ್ವಿಚ್ಚು ಹಳತಾಗಿ, ವಿದ್ಯುತ್ ಹರಿಯುವ ಸ್ಥಿತಿಯಲ್ಲೇ ಕಚ್ಚಿಕೊಂಡರೂ ಪೆಟ್ಟಿಗೆ ಪ್ರಾಣಾಂತಿಕವಾಗಿ ಕಾಯದಷ್ಟು ಕಡಿಮೆ ವ್ಯಾಟಿನ ಹೀಟರನ್ನು ಆರಿಸಿಕೊಳ್ಳುವುದು ಒಂದು ಬಿಡಿಗಾಸೂ ಹೆಚ್ಚು ಬೇಡದ ರಕ್ಷಣೆ. ಪ್ರಾಣಿಯನ್ನು ತರುವ ಮೊದಲು ಖಾಲಿ ಪೆಟ್ಟಿಗೆಯಲ್ಲಿ ಹೀಟರನ್ನು ನೀವು ಮನೆಯಲ್ಲಿರುವಾಗಲೇ ಥರ್ಮೋಸ್ಟಾಟ್ ಇಲ್ಲದೆ ನೇರವಾಗಿ ಹಚ್ಚಿ, ಬಿಸಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ಬೇಕಾದ ಅಂಕಿಯನ್ನು ಕೆಲವೇ ಡಿಗ್ರಿ ಮೀರಿ ನಿಂತರೆ ಅದು ಸರಿಯಾದ ಹೀಟರು. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೂರು ನಾಲ್ಕು ಡಿಗ್ರಿ ಮೇಲಕ್ಕೆ ಹೊಂದಿಸಿದ ಎರಡನೆಯ ಥರ್ಮೋಸ್ಟಾಟನ್ನು ವಿದ್ಯುತ್ ಎರಡನ್ನೂ ಹಾದುಹೋಗುವಂತೆ ಮೊದಲನೆಯದರ ಜೊತೆ ಸಾಲಾಗಿ ಜೋಡಿಸಿ. ಅದಕ್ಕೆ ಅದರದೇ ಸೆನ್ಸರು ಇರಲಿ.

ಯಾವ ಬಗೆಯ ಥರ್ಮೋಸ್ಟಾಟ್ ಎಂಬುದು ಹೀಟರನ್ನು ಅವಲಂಬಿಸುತ್ತದೆ. ಹೀಟ್ ಮ್ಯಾಟಿಗೆ ಹಚ್ಚಿ ಆರಿಸುವ ಸಾಧಾರಣ ಬಗೆ ಧಾರಾಳವಾಗಿ ಸಾಕು, ಅದೇ ಅಗ್ಗವೂ ಹೌದು. ಬೆಳಕು ಕೊಡುವ ಹ್ಯಾಲೊಜೆನ್ ದೀಪಕ್ಕೆ ಅದನ್ನು ಹಾಕಿದರೆ ದೀಪ ಪದೇ ಪದೇ ಹತ್ತಿ ಆರಿ ಪ್ರಾಣಿಗೂ ಕಿರಿಕಿರಿ, ದೀಪಕ್ಕೂ ಆಯುಷ್ಯ ಕಡಿಮೆ. ಅದಕ್ಕೆ ಬೆಳಕನ್ನು ಮೆಲ್ಲಗೆ ತಗ್ಗಿಸಿ ಏರಿಸುವ ಡಿಮ್ಮಿಂಗ್ ಬಗೆ ಬೇಕು. ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರಿಗೆ ವಿದ್ಯುತ್ತನ್ನು ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಬಿಡುವ ಪಲ್ಸ್ ಬಗೆ ಹೊಂದುತ್ತದೆ. ಅದರ ಮೇಲ್ಮೈ ಭಯಂಕರವಾಗಿ ಕಾಯುವುದರಿಂದ ಪಿಂಗಾಣಿಯ ಹೋಲ್ಡರು, ಸುತ್ತಲೂ ತಂತಿಯ ಬಲೆ, ಎರಡೂ ಕಡ್ಡಾಯ. ನೇರಳಾತೀತ ದೀಪವನ್ನು ಥರ್ಮೋಸ್ಟಾಟಿಗೆ ಜೋಡಿಸಲೇಬೇಡಿ, ಅದಕ್ಕೆ ಟೈಮರ್ ಸಾಕು. ಬಿಡಿಯಾಗಿ ಸಿಗುವ ಅಗ್ಗದ ಡಿಜಿಟಲ್ ನಿಯಂತ್ರಕಗಳೂ ಕೆಲಸ ಮಾಡುತ್ತವೆ, ಆದರೆ ಅವುಗಳ ತಂತಿಯ ತುದಿಗಳು ತೆರೆದಿರುತ್ತವೆ. ಎಲೆಕ್ಟ್ರಿಷಿಯನ್ ಕೈಯಿಂದ ಮುಚ್ಚಿದ ಡಬ್ಬಿಯೊಳಗೆ ಕೂರಿಸದೆ ಬಳಸಬಾರದು. ಒಳಗೆ ವಿದ್ಯುತ್ ಹೀಟರನ್ನಿಟ್ಟು ಬಿಸಿ ಕಲ್ಲು ಎಂದು ಮಾರುವ ವಸ್ತುವನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಮನೆಗೆ ತರಬೇಡಿ.

ಸಮಯ ಮುಗಿಯುತ್ತಿದೆಯೆಂದು ಆಚೆಯಿಂದ ಸೂಚನೆ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಥರ್ಮೋಸ್ಟಾಟಿನ ಪರದೆಯನ್ನೇ ನಂಬಿ ಕೂರದೆ, ತಂತಿ ಇರುವ ಡಿಜಿಟಲ್ ಥರ್ಮಾಮೀಟರುಗಳನ್ನು ಎರಡೂ ತುದಿಗಳಲ್ಲಿ ಒಂದೊಂದು ಇಡಿ. ಪೆಟ್ಟಿಗೆಯ ಗೋಡೆಗೆ ಅಂಟಿಸುವ, ಮುಳ್ಳು ತಿರುಗುವ ಥರ್ಮಾಮೀಟರ್ ಬಿಲ್ಲೆಗಳು ನೆಲದ ಬಿಸಿಯನ್ನು ಹೇಳಲಾರವು. ವಿದ್ಯುತ್ತಿನ ಖರ್ಚು ತಗ್ಗಬೇಕಾದರೆ ಪೆಟ್ಟಿಗೆಯ ಹಿಂಬದಿಗೂ ಎರಡು ಪಕ್ಕಗಳಿಗೂ ಹೊರಗಿನಿಂದ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಮ್ಯಾಟಿಗೂ ದೀಪಕ್ಕೂ ಅದು ತಾಗದಿರಲಿ. ಕೋಣೆಯೇ ಕಾಯುವ ದಿನಗಳಲ್ಲಿ ಥರ್ಮೋಸ್ಟಾಟ್ ತಂಪು ಮಾಡಲಾರದು. ಪೆಟ್ಟಿಗೆಯನ್ನು ನೆಲದ ಮೇಲೆ, ಕಿಟಕಿಯ ಬಿಸಿಲು ಬೀಳದ ಕಡೆ ಇಡಿ. ವಿದ್ಯುತ್ ಹೋದರೆ ಗಾಬರಿ ಬೇಡ, ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಯ ಕಿಂಡಿಯನ್ನು ಮಾತ್ರ ಬಿಡಿ. ಕೆಲವು ಗಂಟೆಗಳ ತಂಪನ್ನು ಈ ಪ್ರಾಣಿಗಳು ತಡೆದುಕೊಳ್ಳುತ್ತವೆ, ಅತಿಯಾದ ಬಿಸಿಯನ್ನು ತಡೆದುಕೊಳ್ಳಲಾರವು. ವಿದ್ಯುತ್ ಮರಳಿ ಬಂದ ಕೂಡಲೇ ಕಂಬಳಿ ತೆಗೆದು, ನೀವು ಹೊಂದಿಸಿದ್ದ ಅಂಕಿ ಪರದೆಯ ಮೇಲೆ ಹಾಗೆಯೇ ಇದೆಯೇ ಎಂದು ನೋಡಿ. ಕೆಲವು ಯಂತ್ರಗಳು ಅದನ್ನು ಮರೆತಿರುತ್ತವೆ. ನಮಸ್ಕಾರ.