ಅಜ್ಜನ ಕೋವಿಯಲ್ಲಿ ಸಿಕ್ಕಿಕೊಂಡ ಖಾಲಿ ತೋಟಾ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಸೆಪ್ಟೆಂಬರ್ 3ರ ಬೆಳಗ್ಗೆ ಚಿತ್ರಿಸಿಕೊಂಡದ್ದು, ನಮ್ಮ ಮನೆಯ ಹಿಂದಿನ ಗದ್ದೆಯಂಚು. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ. ನಾಟಿ ಮುಗಿದಿದೆ. ಬೆಳಿಗ್ಗೆಯೇ ಕೋವಿಗೆ ಗಂಧವಿಟ್ಟು, ತೋಕ್ ಪೂ ಕಟ್ಟಿ ಪೂಜೆ ಮಾಡಿದ್ದೇವೆ. ಕೆಂಪು, ಹಳದಿ ಎಸಳು ಮೇಲಕ್ಕೆ ಬಾಗಿರುವ ಈ ಹೂವನ್ನು ಬೇರೆ ಕಡೆ ಗೌರಿ ಹೂ ಎನ್ನುತ್ತಾರೆ. ಪೂಜೆಯಾದ ಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ಎಸಳೇನಾದರೂ ಉಳಿದಿದೆಯೇ ಎಂದು ನೋಡುತ್ತಿರುವವರು ನನ್ನ ದೊಡ್ಡಪ್ಪ. ಇದನ್ನು ಒಮ್ಮೆಯೂ ಮರೆಯಬಾರದು. ನಳಿಗೆಯಲ್ಲಿ ಅಡ್ಡ ಏನಾದರೂ ಇದ್ದು ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯಬಹುದು.

ಎದುರಿಗೆ ದಿಬ್ಬದ ಬುಡದಲ್ಲಿ ಗುರಿಗೆಂದು ಇಟ್ಟ ತೆಂಗಿನಕಾಯಿ. ಬಲ ನಳಿಗೆಯ ಕುದುರೆ (ಟ್ರಿಗರ್) ಎಳೆದೆ, ಕಾಯಿಗೆ ಸ್ವಲ್ಪದರಲ್ಲಿ ತಪ್ಪಿತು. ಎಡಗಡೆಯದನ್ನು ಎಳೆದೆ, ಕಾಯಿ ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೋವಿಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆಯಲು ಹೋದೆ. ಅರ್ಧಕ್ಕೇ ನಿಂತಿತು.

ನಮ್ಮದು ಜೋಡುನಳಿಗೆಯ 12 ಬೋರ್ ಬೇಟೆ ಕೋವಿ. ಅಜ್ಜನ ತಂದೆಯ ಕಾಲದ್ದು, ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ಇಂಥ ಕೋವಿಯಲ್ಲಿ ಖಾಲಿ ಕೇಸು, ಅಂದರೆ ಹೊಡೆದ ತೋಟಾದ ಕವಚ, ತಾನಾಗಿ ಚಿಮ್ಮುವುದಿಲ್ಲ. ತೆರೆದಾಗ ಎಕ್ಸ್‌ಟ್ರಾಕ್ಟರ್ ಎಂಬ ಸಣ್ಣ ಉಕ್ಕಿನ ತುಂಡು ಎರಡೂ ಕೇಸುಗಳ ಅಂಚು ಹಿಡಿದು ಸ್ವಲ್ಪ ಮೇಲೆತ್ತುತ್ತದೆ. ಉಳಿದದ್ದನ್ನು ನಾವು ಬೆರಳಿನಿಂದ ಎಳೆದು ತೆಗೆಯಬೇಕು. ಅಂದು ಎಡಗಡೆಯ ಕೇಸು ಮೇಲೆದ್ದು ಬಂತು. ಬಲಗಡೆಯದು ಕದಲಲಿಲ್ಲ. ಇನ್ನಷ್ಟು ಬಲ ಹಾಕಿದಾಗ ಎಕ್ಸ್‌ಟ್ರಾಕ್ಟರ್ ಅದರ ಅಂಚಿನಿಂದ ಜಾರಿಬಿಟ್ಟಿತು.

"ಚಾಕು ಕೊಡು ಮಗಳೇ, ಅಂಚಿಗೆ ಕೊಟ್ಟು ಎಬ್ಬಿಸುತ್ತೇನೆ" ಎಂದರು ದೊಡ್ಡಪ್ಪ.

"ಬೇಡ ದೊಡ್ಡಪ್ಪ, ಆ ಅಂಚೂ ಹರಿದುಹೋದರೆ ಆಮೇಲೆ ಹಿಡಿಯುವುದಕ್ಕೇ ಏನೂ ಉಳಿಯುವುದಿಲ್ಲ" ಎಂದೆ.

ಸೈನ್ಯದಲ್ಲಿದ್ದು ಬಂದವರು ಅವರು. ಒಂದು ಕ್ಷಣ ನನ್ನ ಮುಖ ನೋಡಿ ಚಾಕು ಮಡಚಿದರು. ಆ ಒಂದು ಕ್ಷಣಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ.

ಮುಂದಿನ ದೃಶ್ಯವನ್ನು ಸ್ವಲ್ಪ ಗಮನವಿಟ್ಟು ನೋಡಿ. ಸಿಕ್ಕಿಕೊಂಡದ್ದು ಖಾಲಿ ಕೇಸೇ ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಮದ್ದಿಗೆ ಕಿಡಿ ಹೊತ್ತಿಸುವ ಹಿಂಬದಿಯ ಕ್ಯಾಪ್ ಮೇಲೆ ಗುಳಿ ಬಿದ್ದಿದೆ ಎಂಬುದು ಸಾಕ್ಷಿಯಲ್ಲ. ಹಾರದೆ ಉಳಿದ ತೋಟಾದ ಮೇಲೂ ಗುಳಿ ಬಿದ್ದಿರುತ್ತದೆ. ನಾನು ನೇರವಾದ ಒಂದು ಬಿದಿರು ಕೋಲನ್ನು, ಕೈಯನ್ನು ಆದಷ್ಟು ಪಕ್ಕಕ್ಕಿಟ್ಟುಕೊಂಡು, ನಳಿಗೆಯ ಬಾಯಿಂದ ನಿಧಾನವಾಗಿ ಇಳಿಬಿಟ್ಟೆ. ಕೋಲು ಎಲ್ಲಿಯವರೆಗೆ ಹೋಯಿತೋ ಅಲ್ಲಿ ಗುರುತು ಹಾಕಿಕೊಂಡು, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ನೋಡಿದೆ. ಅದು ಕೇಸಿನ ತಳದವರೆಗೂ ಹೋಗಿತ್ತು. ಒಳಗೆ ಮದ್ದು, ಚರೆ (ಸಣ್ಣ ಸೀಸದ ಗುಂಡುಗಳು) ಇದ್ದಿದ್ದರೆ ಕೋಲು ಎರಡು ಮೂರು ಬೆರಳು ಮೊದಲೇ ನಿಲ್ಲುತ್ತಿತ್ತು. ಹಾಗೇನಾದರೂ ನಿಂತಿದ್ದರೆ ನಾನು ಕೋಲನ್ನು ಅಲ್ಲೇ ಬಿಟ್ಟು, ಕೋವಿ ರಿಪೇರಿ ಮಾಡುವವರನ್ನೇ ಮನೆಗೆ ಕರೆಸುತ್ತಿದ್ದೆ. ಖಾಲಿ ಎಂದು ಗೊತ್ತಾದ ಮೇಲೆ ಕೋಲಿನ ತುದಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದೆ. ಮೂರನೆಯ ತಟ್ಟಿಗೆ ಕೇಸು ಹೊರಬಿತ್ತು. ಈ ಕೆಲಸಕ್ಕೆ ಕಬ್ಬಿಣದ ಸರಳು ಖಂಡಿತ ಬೇಡ, ನಳಿಗೆಯ ಒಳಮೈ ಗೀರಿಹೋಗುತ್ತದೆ.

ಕೇಸು ಕೈಗೆ ಬಂದ ಮೇಲೆ ಎಲ್ಲರಿಗೂ ಒಂದೊಂದು ಅಭಿಪ್ರಾಯ. ತೋಟಾ ಮಳೆಗೆ ಉಬ್ಬಿದೆ ಎಂದು ಒಬ್ಬರು. ಎಕ್ಸ್‌ಟ್ರಾಕ್ಟರ್ ಸವೆದಿದೆ ಎಂದು ಇನ್ನೊಬ್ಬರು. ಮುಂದಿನ ಸಲ ತೋಟಾಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರು ಎಂದು ಪಕ್ಕದ ಮನೆಯ ಮಾವ. ಒಂದೇ ಪೆಟ್ಟಿಗೆಯ ತೋಟಾ ಎಡಗಡೆಯಿಂದ ಸಲೀಸಾಗಿ ಬಂದಿತ್ತಲ್ಲ, ಆದ್ದರಿಂದ ದೋಷ ತೋಟಾದ್ದಲ್ಲ ಎಂದು ನನಗೆ ಅನ್ನಿಸಿತು. ಎಣ್ಣೆಯ ಮಾತನ್ನಂತೂ ಈ ವಿಡಿಯೊ ನೋಡುವ ಯಾರೂ ಪಾಲಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗುಂಡು ಹಾರುವ ಗಳಿಗೆಯಲ್ಲಿ ಕೇಸು ಹಿಗ್ಗಿ, ತಾನು ಕೂರುವ ನಳಿಗೆಯ ಹಿಂಭಾಗದ, ಅಂದರೆ ಚೇಂಬರಿನ, ಗೋಡೆಯನ್ನು ಅಪ್ಪಿ ಹಿಡಿಯುತ್ತದೆ. ಹೊಡೆತದ ಒಂದು ಪಾಲನ್ನು ಆ ಹಿಡಿತವೇ ತಡೆದುಕೊಳ್ಳುತ್ತದೆ. ಎಣ್ಣೆ ಸವರಿದರೆ ಹಿಡಿತ ತಪ್ಪುತ್ತದೆ, ಹೊಡೆತ ನೇರವಾಗಿ ಕೋವಿಯ ಹಿಂಬದಿಗೂ ಹಳೆಯ ಕೀಲಿಗೂ ಬೀಳುತ್ತದೆ. ಸಾಲದ್ದಕ್ಕೆ ಎಣ್ಣೆ ಒಳಕ್ಕೆ ಇಳಿದು ಕ್ಯಾಪನ್ನೂ ಕೆಡಿಸಬಹುದು.

ಈಗ ಈ ಎರಡು ಕೇಸುಗಳನ್ನು ಹತ್ತಿರದಿಂದ ನೋಡಿ. ಕ್ಯಾಮೆರಾವನ್ನು ಆದಷ್ಟು ಸಮೀಪಕ್ಕೆ ತಂದಿದ್ದೇನೆ. ಎಡಗಡೆಯದರ ಹಿತ್ತಾಳೆ ತಳ ನುಣ್ಣಗಿದೆ. ಬಲಗಡೆಯದರಲ್ಲಿ, ಇಲ್ಲಿ, ನನ್ನ ಉಗುರಿನ ಪಕ್ಕದಲ್ಲಿ, ಸಾಸಿವೆಗಿಂತ ಸಣ್ಣ ಗುಳ್ಳೆಗಳ ಗುಂಪು. ಅದರ ಸುತ್ತ ಕಂದು ಪುಡಿ. ಮೇಲಿನ ಕೆಂಪು ಪ್ಲಾಸ್ಟಿಕ್ಕಿನಲ್ಲಿ ಉದ್ದಕ್ಕೆ ಗೀರುಗಳು. ಕೇಸಿನಲ್ಲಿ ಗುಳ್ಳೆ ಎದ್ದಿದೆ ಎಂದರೆ ಚೇಂಬರಿನಲ್ಲಿ ಅದೇ ಜಾಗದಲ್ಲಿ ಗುಳಿ ಇದೆ. ಹಿಗ್ಗಿದ ಹಿತ್ತಾಳೆ ಆ ಗುಳಿಗಳೊಳಗೆ ಒತ್ತಿಕೊಂಡು ಹೋಗಿ ಸಿಕ್ಕಿಕೊಂಡಿದೆ. ಕೋವಿಯ ಒಳಗೆ ಏನಾಗಿದೆ ಎಂಬುದನ್ನು ಈ ಖಾಲಿ ಕೇಸು ಅಚ್ಚೊತ್ತಿ ತಂದುಕೊಟ್ಟಿತ್ತು. ಚಾಕುವಿನಿಂದ ಕಿತ್ತು ಎಸೆದಿದ್ದರೆ ಈ ಬರಹ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗುಳಿ ಹೇಗೆ ಬಿತ್ತು ಎಂಬುದು ನನಗೆ ಗೊತ್ತು. ಅಜ್ಜ ಇದ್ದಾಗ ಈ ಕೋವಿ ಅಡುಗೆಮನೆಯ ಒಲೆಗೆ ತಾಗಿದ ಕೋಣೆಯಲ್ಲಿ, ಬೀಗ ಹಾಕಿದ ಮರದ ಕಪಾಟಿನಲ್ಲಿ ನಿಂತಿರುತ್ತಿತ್ತು. ಆ ಗೋಡೆ ಜುಲೈಯಲ್ಲೂ ಬೆಚ್ಚಗಿರುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಸೌದೆ ಒಲೆ ಹೋಯಿತು. ಕೋವಿಯನ್ನು ನಾನು ಅದರದೇ ಚರ್ಮದ ಚೀಲಕ್ಕೆ ಹಾಕಿ ನಮ್ಮ ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿಟ್ಟೆ. ಗೌರವದಿಂದಲೇ ಇಟ್ಟದ್ದು. ಚರ್ಮ ತೇವವನ್ನು ಹೀರಿಟ್ಟುಕೊಳ್ಳುತ್ತದೆ, ಹದ ಮಾಡಿದಾಗ ಸೇರಿದ ಉಪ್ಪು ಅದರಲ್ಲಿ ಉಳಿದಿರುತ್ತದೆ ಎಂದು ಆಗ ತಿಳಿದಿರಲಿಲ್ಲ. ಕಳೆದ ಪುತ್ತರಿಯಲ್ಲಿ, ಅಂದರೆ ನಮ್ಮ ಸುಗ್ಗಿಯ ಹಬ್ಬದಲ್ಲಿ, ಕದಿರು ತೆಗೆಯುವಾಗ ಒಂದು ಈಡು ಹಾರಿಸಿದ್ದೆ, ಬಲ ನಳಿಗೆಯಿಂದ. ಅದಾದ ಮೇಲೆ ಒರೆಸದೆ ಒಳಗಿಟ್ಟವಳೂ ನಾನೇ. ಆಮೇಲೆ ಜೂನ್, ಜುಲೈ, ಆಗಸ್ಟ್. ಡಬ್ಬಿಯಲ್ಲಿನ ಉಪ್ಪು ನೀರಾಗುವ ಕಕ್ಕಡ ಮಾಸದ ಮಳೆ.

ಈ ಕೋವಿಯಲ್ಲಿ ಅಜ್ಜ ಯೌವನದಲ್ಲಿ ಹಂದಿ ಬೇಟೆಗೆ ಹೋಗಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಬೇಟೆ ನೋಡಿಲ್ಲ. ಹಬ್ಬಕ್ಕೆ, ಹುಟ್ಟಿಗೆ, ಸಾವಿಗೆ ಮಾತ್ರ ಹೊರಬರುತ್ತದೆ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಎರಡು ಈಡಿನಿಂದ ಊರಿಗೆ ತಿಳಿಸುತ್ತಾರೆ. ಅಜ್ಜನಿಗೂ ಇದೇ ಕೋವಿಯಿಂದ ಎರಡು ಈಡು ಹೊಡೆದೆವು. ಅಂದು ಎರಡೂ ಕೇಸು ತಡೆಯಿಲ್ಲದೆ ಹೊರಬಂದಿದ್ದವು. ನನ್ನ ಮೇಜಿನ ಮೇಲಿರುವ ಈ ಜೋಡಿ ಅವೇ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1861ರಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.  ಆದರೂ ಮೈಸೂರಿಗೆ ಒಯ್ಯುವ ಯೋಚನೆ ಬಿಟ್ಟು, ಕೊಡಗಿನಲ್ಲೇ ಪರವಾನಗಿ ಪಡೆದು ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆವು. ಮುಖ ತೋರಿಸುವುದು ಬೇಡ ಎಂದರು. ಆದ್ದರಿಂದ ಅವರ ಕೈಗಳನ್ನು ಮಾತ್ರ ನೋಡುತ್ತೀರಿ.

ಅವರು ಮೊದಲು ಕೇಳಿದ್ದು, "ಯಾವ ಬ್ರಷ್‌ನಲ್ಲಿ ಉಜ್ಜುತ್ತೀರಿ?"

ದೊಡ್ಡಪ್ಪ ತಮ್ಮ ಬ್ರಷ್ ಕೊಟ್ಟರು. ಪುಲ್‌ಥ್ರೂ (ನಳಿಗೆಯೊಳಗೆ ಬಟ್ಟೆ ಎಳೆಯುವ ದಾರ), ಚಿಂದಿ ಬಟ್ಟೆ, ಎಣ್ಣೆ ಎಲ್ಲವೂ ಅವರ ಬಳಿ ಸೈನ್ಯದ ಶಿಸ್ತಿನಲ್ಲೇ ಇರುತ್ತವೆ. ಮೇಸ್ತ್ರಿಗಳು ಆ ಬ್ರಷನ್ನು ಚೇಂಬರಿಗೆ ಇಳಿಸಿ ಅತ್ತಿತ್ತ ಅಲ್ಲಾಡಿಸಿದರು. ಗೋಡೆಗೆ ತಾಗುತ್ತಲೇ ಇರಲಿಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟಾಗುತ್ತದೋ ಅದೇ 12 ಬೋರ್, ಸುಮಾರು 18.5 ಮಿಲಿಮೀಟರ್. ಬ್ರಷ್ ಆ ಅಳತೆಯದು. ಆದರೆ ತೋಟಾ ಕೂರುವ ಚೇಂಬರ್ ಅದಕ್ಕಿಂತ ಎರಡು ಮಿಲಿಮೀಟರಿನಷ್ಟು ಅಗಲ. ಎಂದರೆ ನಾವು ವರ್ಷಾನುಗಟ್ಟಲೆ ನಳಿಗೆಯನ್ನು ಕನ್ನಡಿಯಂತೆ ಉಜ್ಜಿದ್ದೆವು, ಚೇಂಬರನ್ನು ಮುಟ್ಟಿರಲೇ ಇಲ್ಲ. ದೊಡ್ಡಪ್ಪ ಆ ಬ್ರಷನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಚೇಂಬರಿಗೆಂದೇ ದಪ್ಪನೆಯ ಕಂಚಿನ ಬ್ರಷ್ ಬೇರೆ ಇರುತ್ತದೆ. ಮೇಸ್ತ್ರಿಗಳು ತುಕ್ಕು ಬಿಡಿಸುವ ಎಣ್ಣೆ ಹಾಕಿ ನಳಿಗೆಯನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರು. ಮರುದಿನ ಆ ಬ್ರಷ್‌ಗೆ ಕೂದಲಿಗಿಂತ ನವಿರಾದ ಉಕ್ಕಿನ ಎಳೆ ಸುತ್ತಿ, ಕೈಯಿಂದಲೇ, ಒಂದೇ ಲಯದಲ್ಲಿ ತಿರುಗಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ನಡುನಡುವೆ ಒರೆಸಿ, ಟಾರ್ಚ್ ಬಿಟ್ಟು ನೋಡಿ, ನಾನು ತಂದಿದ್ದ ಗುಳ್ಳೆಯ ಕೇಸನ್ನು ಕಣ್ಣ ಮುಂದೆ ಹಿಡಿದುಕೊಂಡು ಜಾಗ ಗುರುತಿಸುತ್ತಿದ್ದರು. ಮರಳು ಕಾಗದ ಮುಟ್ಟಲಿಲ್ಲ. ಅದು ಅಡ್ಡಡ್ಡ ಗೀರು ಬಿಟ್ಟರೆ ಕೇಸು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗುಳಿಗಳನ್ನು ಪೂರ್ತಿ ಅಳಿಸಲು ಹೋದರೆ ಚೇಂಬರೇ ದೊಡ್ಡದಾಗಿಬಿಡುತ್ತದೆ. ಆದ್ದರಿಂದ ಗುಳಿಗಳ ಚೂಪು ಅಂಚನ್ನಷ್ಟೇ ತೆಗೆದರು. ಸಿಡುಬಿನ ಕಲೆಯಂತೆ ಅವು ಅಲ್ಲೇ ಇವೆ, ಇರಲಿ.

ಎಲ್ಲ ಮುಗಿಯಿತು ಎಂದುಕೊಂಡಾಗ ಅವರು ಎರಡೂ ಕೇಸುಗಳ ಬಾಯನ್ನು ತೋರಿಸಿದರು. ನಾನು ತಳವನ್ನೇ ನೋಡುತ್ತಿದ್ದೆ, ಬಾಯಿಯ ಕಡೆ ಕಣ್ಣು ಹಾಯಿಸಿರಲಿಲ್ಲ. ಪ್ಲಾಸ್ಟಿಕ್ಕಿನ ಅಂಚು ತೆಳುವಾಗಿ ಎಳೆಎಳೆಯಾಗಿತ್ತು, ಎಡಗಡೆಯದರಲ್ಲೂ. ನಳಿಗೆಗಳನ್ನು ಕಳಚಿ ಅಡಿಯನ್ನು ತೋರಿಸಿದರು. ಪರೀಕ್ಷೆಯ ಮುದ್ರೆಗಳ ಪಕ್ಕ 2½ ಇಂಚು ಎಂದು ಕೊರೆದಿದೆ. ಎಂದರೆ ಸುಮಾರು 65 ಮಿಲಿಮೀಟರ್ ಉದ್ದದ ಚೇಂಬರ್. ನಾವು ತಂದಿದ್ದ ಪೆಟ್ಟಿಗೆಯ ಮೇಲೆ 70 ಎಂದಿತ್ತು. ತೋಟಾ ಸುಲಭವಾಗಿ ಕೂರುತ್ತಿತ್ತಲ್ಲ ಎಂದು ಕೇಳಿದೆ.

"ಕೂರುತ್ತದೆ ಅಮ್ಮಾ. ಬಾಯಿ ಮಡಚಿರುತ್ತದೆ. ಪೆಟ್ಟಿಗೆಯ ಮೇಲಿನ ಅಳತೆ ಹೊಡೆದ ಮೇಲಿನದು" ಎಂದರು.

ಹೊಡೆದಾಗ ಆ ಮಡಿಕೆ ಬಿಚ್ಚಿಕೊಂಡು, ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಜಾಗಕ್ಕೆ ತೂರುತ್ತದೆ. ಚರೆ ಆ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ಒತ್ತಡ ಏರುತ್ತದೆ, ಕೇಸು ಮತ್ತಷ್ಟು ಬಿಗಿಯಾಗುತ್ತದೆ. ತುಕ್ಕು ಹಿಡಿದ ಬಲ ನಳಿಗೆ ನಮಗೆ ದೂರು ಹೇಳಿತು. ಚೆನ್ನಾಗಿದ್ದ ಎಡ ನಳಿಗೆ ಅಪಾಯವನ್ನು ಸುಮ್ಮನೆ ಸಹಿಸಿಕೊಂಡಿತ್ತು. ಇದನ್ನು ಕೇಳಿದಾಗ, ನಿಜ ಹೇಳುತ್ತೇನೆ, ನನ್ನ ಕೈ ತಣ್ಣಗಾಯಿತು.

ಚೇಂಬರನ್ನು ಉದ್ದ ಮಾಡಿಸಬಹುದೇ ಎಂದು ದೊಡ್ಡಪ್ಪ ಕೇಳಿದರು. ಹಳೆಯ ತೆಳು ಗೋಡೆಯನ್ನು ಇನ್ನೂ ಕೊರೆಯುವುದು ಬೇಡ, ತೋಟಾವನ್ನೇ ಬದಲಿಸಿ ಎಂದರು ಮೇಸ್ತ್ರಿಗಳು. ನನಗೂ ಅದೇ ಸರಿ ಎನಿಸಿತು. ನಿಮ್ಮ ಮನೆಯಲ್ಲೂ ತಲೆಮಾರಿನ ಹಿಂದಿನ ಕೋವಿ ಇದ್ದರೆ, ದಯವಿಟ್ಟು ನಳಿಗೆಯ ಅಡಿಯ ಅಂಕಿಯನ್ನು ತಿಳಿದವರಿಂದ ಓದಿಸಿ, ಆಮೇಲೆ ತೋಟಾ ಕೊಳ್ಳಿ. ಮುದ್ರೆ ಅಳಿಸಿಹೋಗಿದ್ದರೆ ಅಳೆಯುವ ಗೇಜು ಅವರ ಬಳಿ ಇರುತ್ತದೆ. ನಮಗೆ 65 ಮಿಲಿಮೀಟರಿನ ತೋಟಾ ಸಿಗಲು ಸ್ವಲ್ಪ ದಿನ ಹಿಡಿಯಿತು. ಚರ್ಮದ ಚೀಲವನ್ನು ಖಾಲಿಯಾಗಿಯೇ ನೇತುಹಾಕಿದ್ದೇನೆ. ಕೋವಿ ಮತ್ತೆ ಮರದ ಕಪಾಟಿಗೆ ಹೋಗಿದೆ. ಕಪಾಟಿನ ಒಳಗೆ ಸಣ್ಣ ಬಲ್ಬೊಂದು ಉರಿಯುತ್ತದೆ, ಒಲೆಯ ಬಿಸಿಯ ಬದಲಿಗೆ.

ಇದು ಪುತ್ತರಿಯ ರಾತ್ರಿ. ಬೆಳದಿಂಗಳು ಚೆನ್ನಾಗಿದೆ, ಆದರೆ ಕ್ಯಾಮೆರಾಕ್ಕೆ ಸಾಲದು. ಸದ್ದನ್ನು ಕೇಳಿ. ಕದಿರು ಕೊಯ್ಯುವವರು "ಪೊಲಿ ಪೊಲಿ ದೇವಾ" ಎನ್ನುತ್ತಿದ್ದಾರೆ. ಈಗ ಈಡು. ಬಲ ನಳಿಗೆಯೇ. ಕೋವಿ ತೆರೆದ ಸದ್ದು. ಬೆರಳಿಟ್ಟೆ. ಕೇಸು ಬಿಸಿಬಿಸಿಯಾಗಿ ಅಂಗೈಗೆ ಜಾರಿತು.

ಮನೆಗೆ ಬಂದಾಗ ತಂಬುಟ್ಟು ಬಡಿಸಿಟ್ಟಿದ್ದರು. ದೊಡ್ಡಪ್ಪ ಕುಳಿತಿರಲಿಲ್ಲ. ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ, ದಪ್ಪ ಬ್ರಷ್ ಹಿಡಿದು ನನಗಾಗಿ ಕಾಯುತ್ತಿದ್ದರು.