ಎರಡನೇ ವೃತ್ತಿಯಾಗಿ ನರ್ಸಿಂಗ್: ಯಾವ ಡಿಗ್ರಿ ಹಿಡಿಯಬೇಕು?

ಎಲ್ಲರಿಗೂ ನಮಸ್ಕಾರ.

ಮೂವತ್ತೈದೋ ನಲವತ್ತೋ ದಾಟಿದ ಮೇಲೆ ಅಮೆರಿಕದಲ್ಲಿ ನರ್ಸ್ ಆಗಲು ಹೊರಟವರು ಮೊದಲು ಕೇಳುವುದು, "ಬೇಗ ಮುಗಿಯುವ ಕೋರ್ಸ್ ಯಾವುದು?" ಅಂತ. ಅದಕ್ಕಿಂತ ಮೊದಲು, ಓದುವಷ್ಟು ದಿನ ಮನೆ ಹೇಗೆ ನಡೆಯುತ್ತದೆ ಅಂತ ಕೇಳಿಕೊಳ್ಳಿ.

ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಇದೆ, ಎಡಿಎನ್ ಅನ್ನುತ್ತಾರೆ. ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ, ಅದು ಬಿಎಸ್‌ಎನ್. ಬೇರೆ ವಿಷಯದಲ್ಲಿ ಆಗಲೇ ಡಿಗ್ರಿ ಇದ್ದವರಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳ ಆಕ್ಸೆಲರೇಟೆಡ್ ಬಿಎಸ್‌ಎನ್, ಅಂದರೆ ಬೇಗ ಮುಗಿಸುವ ಬಿಎಸ್‌ಎನ್. ಅಂಥವರು ನೇರವಾಗಿ ನರ್ಸಿಂಗ್ ಮಾಸ್ಟರ್ಸ್‌ಗೇ ಸೇರುವ ಡೈರೆಕ್ಟ್ ಎಂಟ್ರಿ ಮಾಸ್ಟರ್ಸ್ ಕೂಡ ಉಂಟು. ಯಾವ ದಾರಿಯಲ್ಲಿ ಬಂದರೂ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್-ಆರ್‌ಎನ್. ಸಿಗುವ ಲೈಸೆನ್ಸೂ ಒಂದೇ, ಆರ್‌ಎನ್ ಅಂದರೆ ರಿಜಿಸ್ಟರ್ಡ್ ನರ್ಸ್.

ಹಾಗಾಗಿ ಎಡಿಎನ್ ಕೀಳು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳ ಕೊರತೆ ಇದ್ದಾಗ ನರ್ಸಿಂಗ್ ಶಿಕ್ಷಕಿ ಮಿಲ್ಡ್ರೆಡ್ ಮಾಂಟಾಗ್ ಈ ದಾರಿಯ ಯೋಜನೆ ಹಾಕಿದರು. 1952ರಲ್ಲಿ ಪ್ರಯೋಗ ಶುರುವಾಯಿತು. ವಯಸ್ಸಾದವರು, ಮದುವೆಯಾಗಿ ಮಕ್ಕಳಿದ್ದವರು ಕೂಡ ನರ್ಸಿಂಗ್‌ಗೆ ಬರಲು ಇದರಿಂದ ದಾರಿ ಸುಲಭವಾಯಿತು. ನಮ್ಮಂಥವರಿಗೇ ತೆರೆದ ಬಾಗಿಲು, ಅಲ್ವಾ?

ಆದರೆ ಕೆಲಸ ಹುಡುಕುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಬಹಳಷ್ಟು ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಇದ್ದವರನ್ನೇ ಮೊದಲು ನೋಡುತ್ತವೆ. ನ್ಯೂಯಾರ್ಕ್ ರಾಜ್ಯ 2017ರಲ್ಲಿ ಒಂದು ಕಾನೂನನ್ನೇ ತಂದಿತು: ಹೊಸದಾಗಿ ಆರ್‌ಎನ್ ಆಗುವವರು 10 ವರ್ಷದೊಳಗೆ ನರ್ಸಿಂಗ್‌ನಲ್ಲಿ ಬ್ಯಾಚುಲರ್ ಡಿಗ್ರಿ ಪಡೆಯಬೇಕು. ಎಡಿಎನ್ ಮುಗಿಸಿ, ಕೆಲಸಕ್ಕೆ ಸೇರಿ, ಆಮೇಲೆ ಆರ್‌ಎನ್-ಟು-ಬಿಎಸ್‌ಎನ್, ಅಂದರೆ ಆಗಲೇ ಆರ್‌ಎನ್ ಆದವರನ್ನು ಬಿಎಸ್‌ಎನ್‌ಗೆ ಒಯ್ಯುವ ಕೋರ್ಸ್ ಓದುವವರು ತುಂಬಾ ಜನ. ಎಷ್ಟೋ ಆಸ್ಪತ್ರೆಗಳು ಆ ಫೀಸಿಗೆ ಸಹಾಯವನ್ನೂ ಮಾಡುತ್ತವೆ. ಸಂಬಳ ನಿಲ್ಲಿಸಲು ಆಗದ ಮನೆಯವರಿಗೆ ನಾನು ಹೇಳುವುದು ಇದೇ ದಾರಿ.

ಆಕ್ಸೆಲರೇಟೆಡ್ ಕೋರ್ಸ್ ಕೇಳಲು ಚೆಂದ. ಆದರೆ ಅದರ ಜೊತೆ ಫುಲ್‌ಟೈಮ್ ಕೆಲಸ ಮಾಡುವುದು ಹೆಚ್ಚುಕಮ್ಮಿ ಆಗದ ಮಾತು. ವಾರಪೂರ್ತಿ ಕ್ಲಾಸು, ಅದರ ಮೇಲೆ ಕ್ಲಿನಿಕಲ್ಸ್, ಅಂದರೆ ಆಸ್ಪತ್ರೆಯಂಥ ಕಡೆ ರೋಗಿಗಳ ಜೊತೆ ಮಾಡುವ ತರಬೇತಿ. ಕೆಲವು ಶಿಫ್ಟ್ 12 ಗಂಟೆ. ಒಂದೂವರೆ ವರ್ಷದ ಖರ್ಚಿಗೆ ಹಣ ಇದ್ದು, ಮಕ್ಕಳನ್ನು ನೋಡಿಕೊಳ್ಳುವವರು ಇದ್ದರೆ ಧೈರ್ಯವಾಗಿ ಹೋಗಿ. ಇನ್ನೊಂದು ಮಾತು. ಆ 12ರಿಂದ 18 ತಿಂಗಳಲ್ಲಿ ಪೂರ್ವಸಿದ್ಧತೆಯ ವಿಷಯಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಮೊದಲೇ ಮುಗಿದಿರಬೇಕು. ಹಳೆಯ ವಿಜ್ಞಾನದ ಅಂಕಗಳನ್ನು ಐದೋ ಏಳೋ ವರ್ಷದ ನಂತರ ಒಪ್ಪದ ಕಾಲೇಜುಗಳೂ ಇವೆ. ಭಾರತದಲ್ಲಿ ಪಡೆದ ಡಿಗ್ರಿಯಾದರೆ ಅದು ಅಮೆರಿಕದ ಯಾವ ಡಿಗ್ರಿಗೆ ಸಮ ಅನ್ನುವ ಮೌಲ್ಯಮಾಪನವನ್ನೂ ಮಾಡಿಸಬೇಕು. ಅದಕ್ಕೂ ಸಮಯ ಬೇಕು.

ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಮೊದಲು ಸಿಎನ್‌ಎ, ಅಂದರೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಮಾಡಿ. ಫೆಡರಲ್ ನಿಯಮದಂತೆ ಕನಿಷ್ಠ 75 ಗಂಟೆ ಸಾಕು. ಕೆಲವು ರಾಜ್ಯಗಳು ಜಾಸ್ತಿ ಕೇಳುತ್ತವೆ. ರೋಗಿಯ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ನೋವಿನಲ್ಲಿ ರೇಗುವವರ ಮಾತು ಕೇಳುವುದು ಏನು ಅಂತ ದೊಡ್ಡ ಸಾಲ ಮಾಡುವ ಮೊದಲೇ ತಿಳಿಯುತ್ತದೆ.

ಕಾಲೇಜಿಗೆ ದುಡ್ಡು ಕಟ್ಟುವ ಮುಂಚೆ ನಿಮ್ಮ ರಾಜ್ಯದ ನರ್ಸಿಂಗ್ ಬೋರ್ಡಿನ ಒಪ್ಪಿಗೆ ಅದಕ್ಕೆ ಇದೆಯೇ ನೋಡಿ. ಮೊದಲ ಸಲವೇ ಎನ್‌ಕ್ಲೆಕ್ಸ್ ಪಾಸಾದವರು ಶೇಕಡಾ ಎಷ್ಟು ಅಂತ ಕೇಳಿ. ಕ್ಲಿನಿಕಲ್ಸ್ ಜಾಗವನ್ನು ಅವರೇ ಕೊಡಿಸುತ್ತಾರೋ, ನೀವೇ ಹುಡುಕಬೇಕೋ, ಅದನ್ನೂ ಕೇಳಿ. ಸರಿಯಾಗಿ ಉತ್ತರ ಕೊಡದ ಕಡೆ ಸೇರಬೇಡಿ.